ಕಡಿದ ಮರಕ್ಕೂ ಬಾಯಾರಿಕೆ

ಮಕ್ಕಳೇ, ಆಷಾಢದ ಮಳೆ ಹಿಡಿದು ವಾರ ಕಳೆದ ಮೇಲೆ ಮಲೆನಾಡಿನ, ಕರಾವಳಿಯ ಹಳೆಯ ಮನೆಗಳ ಬಾಗಿಲುಗಳನ್ನು ನೋಡಬೇಕು. ಬೇಸಿಗೆಯಲ್ಲಿ ಬೆರಳು ತಾಕಿಸಿದರೆ ಸಾಕು, ತೆರೆದುಕೊಳ್ಳುತ್ತಿದ್ದ ಕದ ಈಗ ಭುಜ ಕೊಟ್ಟು ತಳ್ಳಿದರೂ ಅಲ್ಲಾಡುವುದಿಲ್ಲ. ಮೇಜಿನ ಖಾನೆ ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ. ಕಿಟಕಿಯ ಚಿಲಕ ತನ್ನ ತೂತಿಗೆ ಬೀಳುವುದಿಲ್ಲ. "ಮರ ಉಬ್ಬಿದೆ, ಬಿಡು" ಎನ್ನುತ್ತಾರೆ ಅಜ್ಜಿ. ದೀಪಾವಳಿ ಕಳೆದು ಒಣಹವೆ ಬಂದರೆ, ಯಾರೂ ರಿಪೇರಿ ಮಾಡದೆಯೇ ಎಲ್ಲವೂ ಸರಿಹೋಗಿರುತ್ತದೆ.

ಆ ಬಾಗಿಲಿನ ಮರವನ್ನು ಕಡಿದು ಐವತ್ತು ವರ್ಷವಾಗಿರಬಹುದು, ನೂರೂ ಆಗಿರಬಹುದು. ಅದಕ್ಕೆ ಬೇರಿಲ್ಲ, ಎಲೆಯಿಲ್ಲ. ಆದರೂ ಗಾಳಿಯಿಂದ ನೀರು ಹೀರುತ್ತದೆ, ಗಾಳಿ ಒಣಗಿದಾಗ ಆ ನೀರನ್ನು ವಾಪಸ್ ಬಿಡುತ್ತದೆ. ಬಡಗಿಗಳ ಹತ್ತಿರ ಕೂತು ಅವರ ಕೆಲಸ ನೋಡಿದರೆ ಒಂದು ಸಂಗತಿ ನಿಮಗೂ ಹೊಳೆಯುತ್ತದೆ: ಅವರ ಅರ್ಧ ಜಾಣ್ಮೆ ಇರುವುದು ಈ ನೀರಿನ ಓಡಾಟವನ್ನು ಮೊದಲೇ ಲೆಕ್ಕ ಹಾಕುವುದರಲ್ಲಿ. ಯಾವ ಹಲಗೆ ಆರಿಸಬೇಕು, ಮೊಳೆ ಎಲ್ಲಿ ಹೊಡೆಯಬೇಕು, ಮೇಲೆ ಏನು ಬಳಿಯಬೇಕು? ಈ ಮೂರೂ ಪ್ರಶ್ನೆಗಳ ಬೆನ್ನಿಗೆ ನೀರೇ ನಿಂತಿದೆ. ಇವತ್ತು ಆ ನೀರಿನ ಜಾಡು ಹಿಡಿದು ಹೋಗೋಣ.

ಮೊದಲು ಒಂದು ಬೆತ್ತದ ತುಂಡು ಹುಡುಕಿ ತನ್ನಿ. ಗೇಣುದ್ದ ಸಾಕು. ಅದಕ್ಕೆ ಬಣ್ಣ, ವಾರ್ನಿಶ್ ಬಳಿದಿರಬಾರದು, ಎರಡೂ ತುದಿಗಳನ್ನು ಹೊಸದಾಗಿ ಕತ್ತರಿಸಿರಬೇಕು. ಒಂದು ತುದಿಯನ್ನು ಸೋಪಿನ ನೀರಿನಲ್ಲಿ ಅದ್ದಿ, ಇನ್ನೊಂದಕ್ಕೆ ಬಾಯಿಟ್ಟು ಜೋರಾಗಿ ಊದಿ. ಅದ್ದಿದ ತುದಿಯಲ್ಲಿ ಗುಳ್ಳೆ ಗುಳ್ಳೆಯಾಗಿ ನೊರೆ ಏಳುತ್ತದೆ. ಕಲ್ಲಿನಷ್ಟು ಗಟ್ಟಿ ಎಂದುಕೊಂಡಿದ್ದ ಬೆತ್ತದೊಳಗೆ ನಿಮ್ಮ ಉಸಿರು ಹಾದುಹೋಯಿತು! ಬೆತ್ತ ಮರವಲ್ಲ ನಿಜ, ತೆಂಗು ಅಡಿಕೆಗಳ ಬಳಗಕ್ಕೆ ಸೇರಿದ ಬಳ್ಳಿ ಅದು. ಮರದ ಕೊಳವೆಗಳು ಇನ್ನೂ ಸಣ್ಣವು. ತೇಗದಂಥ ಮರಗಳಲ್ಲಿ ಅವು ವಯಸ್ಸಾದಂತೆ ಮುಚ್ಚಿಯೂ ಹೋಗುತ್ತವೆ, ಆದ್ದರಿಂದ ತೇಗದ ತುಂಡಿನಲ್ಲಿ ಈ ಪ್ರಯೋಗ ಸಾಗದು. ಆದರೂ ಒಳಗಿನ ಕಟ್ಟಡ ಒಂದೇ ಬಗೆಯದು. ಕಡ್ಡಿಪೊರಕೆಯನ್ನು ಬಿಗಿಯಾಗಿ ಕಟ್ಟಿ ನಿಲ್ಲಿಸಿದ ಹಾಗೆ, ಲಕ್ಷಾಂತರ ಸಣ್ಣ ಕೊಳವೆಗಳು ಬುಡದಿಂದ ತುದಿಯ ಕಡೆಗೆ ಮುಖ ಮಾಡಿ ಒಂದಕ್ಕೊಂದು ಅಂಟಿ ನಿಂತಿವೆ. ಬಡಗಿಗಳು ಎಳೆ ಎನ್ನುವುದು ಈ ಕೊಳವೆಗಳು ಸಾಗಿದ ದಿಕ್ಕನ್ನು.

ಕೊಳವೆಯ ಗೋಡೆ ಯಾವುದರಿಂದ ಆಗಿದೆ? ಮುಖ್ಯವಾಗಿ ಸೆಲ್ಯುಲೋಸ್ ಎಂಬ ಉದ್ದುದ್ದ ಸರಪಳಿಯ ಅಣುಗಳಿಂದ. ನೀವು ತೊಡುವ ಹತ್ತಿ ಬಟ್ಟೆಯೂ ಹೆಚ್ಚುಕಡಿಮೆ ಪೂರ್ತಿ ಸೆಲ್ಯುಲೋಸೇ. ಒದ್ದೆ ಬಟ್ಟೆ ಎಷ್ಟು ನೀರು ಹಿಡಿದುಕೊಳ್ಳುತ್ತದೆ ಎಂದು ಅದನ್ನು ಹಿಂಡಿದವರಿಗೆ ಗೊತ್ತು. ಮರದಲ್ಲಿ ಆ ಸರಪಳಿಗಳ ನಡುವೆ ಲಿಗ್ನಿನ್ ಎಂಬ ಇನ್ನೊಂದು ವಸ್ತು ತುಂಬಿಕೊಂಡು ಎಲ್ಲವನ್ನೂ ಗಟ್ಟಿಯಾಗಿ ಬೆಸೆದಿದೆ. ಒಣಮರದ ತೂಕದಲ್ಲಿ ಸುಮಾರು ಕಾಲು ಭಾಗ ಅದರದ್ದೇ. ಬಿಸಿಲಿಗೆ ಇಟ್ಟ ಹಳೆಯ ಪತ್ರಿಕೆ ಹಳದಿಯಾಗುವುದು ಕಾಗದದಲ್ಲಿ ಉಳಿದ ಲಿಗ್ನಿನ್‌ನಿಂದ. ಬಣ್ಣ ಕಾಣದ ಹಳೆಯ ಬೇಲಿಯ ಗೂಟ ಬೂದಿಬಣ್ಣಕ್ಕೆ ತಿರುಗುವುದಕ್ಕೂ ಅದೇ ಮೂಲ: ಬಿಸಿಲಿನ ನೇರಳಾತೀತ ಕಿರಣಗಳು ಮೇಲ್ಮೈಯ ಲಿಗ್ನಿನ್ನನ್ನು ಒಡೆಯುತ್ತವೆ, ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ.

ಈಗ ನೀರಿಗೆ ಬರೋಣ. ಆಗತಾನೆ ಕಡಿದ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಕೊಳವೆಯ ಪೊಳ್ಳಿನಲ್ಲಿ ತುಂಬಿಕೊಂಡದ್ದು ಒಂದು, ಕೊಳವೆಯ ಗೋಡೆಯೊಳಗೆ ಸೆಲ್ಯುಲೋಸ್ ಸರಪಳಿಗಳ ನಡುವೆ ಸೇರಿಕೊಂಡದ್ದು ಇನ್ನೊಂದು. ಕೆಲವು ಮರಗಳಲ್ಲಿ ಎಲ್ಲ ಸೇರಿ ನೀರಿನ ತೂಕವೇ ಒಣಮರದ ತೂಕಕ್ಕಿಂತ ಹೆಚ್ಚಿರುತ್ತದೆ. ಮರ ಒಣಗತೊಡಗಿದಾಗ ಮೊದಲು ಪೊಳ್ಳಿನ ನೀರು ಹೋಗುತ್ತದೆ. ತೂಕ ಇಳಿಯುತ್ತದೆ, ಅಳತೆ ಬದಲಾಗುವುದಿಲ್ಲ. ಒಣಮರದ ತೂಕದ ಶೇ 30ರ ಹತ್ತಿರಕ್ಕೆ ನೀರು ಇಳಿದಾಗ ಪೊಳ್ಳುಗಳು ಖಾಲಿ, ಗೋಡೆಗಳು ಮಾತ್ರ ತುಂಬಿರುತ್ತವೆ. ಅಲ್ಲಿಂದ ಮುಂದೆ ಹೊರಡುವ ಒಂದೊಂದು ಹನಿಯೂ ಗೋಡೆಯೊಳಗಿನದು. ಸರಪಳಿಗಳ ನಡುವಿನಿಂದ ನೀರು ಹೊರಟಂತೆ ಅವು ಹತ್ತಿರ ಹತ್ತಿರ ಬರುತ್ತವೆ, ಗೋಡೆ ತೆಳುವಾಗುತ್ತದೆ, ಮರ ಕುಗ್ಗುತ್ತದೆ. ಮಳೆಗಾಲದಲ್ಲಿ ಇದೇ ದಾರಿ ತಿರುವುಮುರುವು.

ಗಾಳಿ ಎಷ್ಟು ತೇವವೋ ಮರ ಅದಕ್ಕೆ ತಕ್ಕಷ್ಟು ನೀರು ಇಟ್ಟುಕೊಳ್ಳುತ್ತದೆ. ಗಾಳಿಯ ತೇವಾಂಶ ಶೇ 30 ಇರುವ ಬೇಸಿಗೆಯಲ್ಲಿ ಹಲಗೆಯೊಳಗೆ ಸುಮಾರು ಶೇ 6ರಷ್ಟು ನೀರು ಉಳಿದರೆ, ತೇವಾಂಶ ಶೇ 90 ಇರುವ ಜಡಿಮಳೆಯಲ್ಲಿ ಅದು ಶೇ 20ರ ಸಮೀಪಕ್ಕೆ ಏರುತ್ತದೆ. ಒಂದು ತೊಟ್ಟು ಮಳೆ ನೇರವಾಗಿ ಬೀಳದಿದ್ದರೂ ಸರಿ, ಒಳಕೋಣೆಯ ಬೀರುವಿಗೂ ಮಳೆಗಾಲ ಬಂದದ್ದು ತಿಳಿಯುತ್ತದೆ.

ಮರ ನೀರು ಕುಡಿದು ಉಬ್ಬುವುದನ್ನು ಕಣ್ಣಾರೆ ನೋಡಲು ಐದು ಬೆಂಕಿಕಡ್ಡಿ ಸಾಕು. ಮದ್ದಿನ ತಲೆಗಳನ್ನು ದೊಡ್ಡವರಿಂದ ಕತ್ತರಿಸಿಕೊಳ್ಳಿ. ಪ್ರತಿ ಕಡ್ಡಿಯನ್ನೂ ನಡುವೆ ಮುರಿಯಿರಿ, ಆದರೆ ಎರಡು ತುಂಡಾಗಬಾರದು, ಎಳೆಗಳು ಹಿಡಿದುಕೊಂಡಿರಬೇಕು. ಮುರಿದು ಬಾಗಿದ ಮೂಲೆಗಳೆಲ್ಲ ನಡುವಿನಲ್ಲಿ ಸೇರುವಂತೆ ಐದನ್ನೂ ಒಂದು ತಟ್ಟೆಯಲ್ಲಿ ಜೋಡಿಸಿ. ನಡುವೆ ಮೂರು ನಾಲ್ಕು ತೊಟ್ಟು ನೀರು ಬಿಡಿ. ಕೈಕಟ್ಟಿ ನೋಡುತ್ತಿರಿ. ಕಡ್ಡಿಗಳು ನಿಧಾನಕ್ಕೆ ಮೈಮುರಿದು ನೆಟ್ಟಗಾಗುತ್ತಾ ನಡುವೆ ಐದು ಮೂಲೆಯ ನಕ್ಷತ್ರವೊಂದು ತೆರೆದುಕೊಳ್ಳುತ್ತದೆ. ಮುರಿದ ಜಾಗದಲ್ಲಿ ಜಜ್ಜಿಹೋದ ಎಳೆಗಳು ನೀರು ಹೀರಿ ಉಬ್ಬಿ ಕಡ್ಡಿಯನ್ನು ಒಳಗಿನಿಂದ ತಳ್ಳುತ್ತವೆ.

ಮರದ ಉಬ್ಬುವಿಕೆಗೆ ಒಂದು ವಿಚಿತ್ರ ಸ್ವಭಾವ ಇದೆ. ಅದು ಎಲ್ಲ ದಿಕ್ಕಿಗೂ ಸಮ ಅಲ್ಲ. ಸೆಲ್ಯುಲೋಸ್ ಸರಪಳಿಗಳು ಬಹುಪಾಲು ಕೊಳವೆಯ ಉದ್ದಕ್ಕೆ ಮಲಗಿವೆ. ನೀರು ಸರಪಳಿಗಳ ನಡುವೆ ನುಗ್ಗಿ ಅವನ್ನು ಪಕ್ಕಕ್ಕೆ ತಳ್ಳಬಲ್ಲದು, ಸರಪಳಿಯನ್ನೇ ಹಿಗ್ಗಿಸಿ ಉದ್ದ ಮಾಡಲಾರದು. ಹಾಗಾಗಿ ಮರ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹಸಿ ತೇಗ ಪೂರ್ತಿ ಒಣಗಿದರೆ, ದಿಮ್ಮಿಯ ತುದಿಯಲ್ಲಿ ಸುತ್ತು ಸುತ್ತಾಗಿ ಕಾಣುವ ವರ್ಷದ ಬಳೆಗಳ ಜಾಡಿನಲ್ಲಿ ಸುಮಾರು ಶೇ 6ರಷ್ಟು ಕುಗ್ಗುತ್ತದೆ. ಮರದ ನಡುವಿನಿಂದ ತೊಗಟೆಯ ಕಡೆಗೆ ಅಳೆದರೆ ಶೇ 2.5ರಷ್ಟು. ಉದ್ದಕ್ಕೆ ನೋಡಿದರೆ ಸಾಮಾನ್ಯ ಮರಗಳಲ್ಲಿ ಅದು ಶೇ 0.2ನ್ನೂ ದಾಟುವುದು ಅಪರೂಪ. ತೇಗ ಶಾಂತ ಸ್ವಭಾವದ ಮರ ಎಂದು ಬಡಗಿಗಳು ಮೆಚ್ಚುವುದು ಇದಕ್ಕೇ, ಬೇರೆ ಅನೇಕ ಮರಗಳಲ್ಲಿ ಈ ಸಂಖ್ಯೆಗಳು ಇನ್ನೂ ದೊಡ್ಡವು.

ಒಂದು ಲೆಕ್ಕ ಮಾಡಿ ನೋಡೋಣ. 30 ಸೆಂಟಿಮೀಟರ್ ಅಗಲದ, 2 ಮೀಟರ್ ಉದ್ದದ ತೇಗದ ಹಲಗೆ. ಮಳೆಗಾಲದಲ್ಲಿ ಅದರೊಳಗಿನ ನೀರು ಶೇ 18, ಬೇಸಿಗೆಯಲ್ಲಿ ಶೇ 8 ಎಂದಿಟ್ಟುಕೊಳ್ಳಿ. ಶೇ 30ರಿಂದ ಸೊನ್ನೆಯವರೆಗೆ ಕುಗ್ಗುವ 30 ಮೆಟ್ಟಿಲುಗಳಲ್ಲಿ 10 ಮೆಟ್ಟಿಲು ಇಳಿಯಿತು, ಅಂದರೆ ಪೂರ್ತಿ ಕುಗ್ಗುವಿಕೆಯ ಮೂರರಲ್ಲಿ ಒಂದು ಪಾಲು, ಶೇ 2ರ ಹತ್ತಿರ. ಅಗಲದಲ್ಲಿ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚೇ ಕಮ್ಮಿಯಾಗುತ್ತದೆ. ಉದ್ದದಲ್ಲಿ ಒಂದು ಮಿಲಿಮೀಟರಿನ ಆಸುಪಾಸು. ಅಂಥ ನಾಲ್ಕು ಹಲಗೆ ಸೇರಿದ ಮೇಜಿನ ಮೈ ವರ್ಷದಲ್ಲಿ ಎರಡು ಸೆಂಟಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತದೆ ಎಂದಾಯಿತು. ಅದನ್ನು ನಾಲ್ಕೂ ಕಡೆ ಅಲುಗದಂತೆ ಬಿಗಿದುಬಿಟ್ಟರೆ ಏನಾದೀತು? ಒಂದು ಬೇಸಿಗೆಯ ಮಧ್ಯಾಹ್ನ ಮೇಜು ಸೀಳುತ್ತದೆ, ಆ ಸದ್ದು ಪಕ್ಕದ ಕೋಣೆಗೂ ಕೇಳೀತು.

ಇದಕ್ಕೆ ಬಡಗಿಗಳು ಕಂಡುಕೊಂಡ ಉತ್ತರ ನಿಮ್ಮ ಮನೆಯ ಹಳೆಯ ಬಾಗಿಲಿನಲ್ಲೇ ಇರಬಹುದು. ಸುತ್ತಲೂ ದಪ್ಪ ಮರದ ಚೌಕಟ್ಟು, ಒಳಗೆ ತೆಳುವಾದ ಅಗಲ ಹಲಗೆ. ಚೌಕಟ್ಟಿನ ಒಳಅಂಚಿನಲ್ಲಿ ಸಣ್ಣ ಕಾಲುವೆಯಂತೆ ತೋಡಿರುತ್ತಾರೆ. ಹಲಗೆಯ ಅಂಚು ಆ ಕಾಲುವೆಯೊಳಗೆ ಸುಮ್ಮನೆ ಕೂತಿರುತ್ತದೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ, ಸುತ್ತ ಕೊಂಚ ಜಾಗವನ್ನೂ ಬಿಟ್ಟಿರುತ್ತಾರೆ. ಉಬ್ಬಿದಾಗ ಹಲಗೆ ಕಾಲುವೆಯೊಳಗೆ ಜರುಗುತ್ತದೆ, ಕುಗ್ಗಿದಾಗ ಹಿಂದೆ ಸರಿಯುತ್ತದೆ. ಹೊರಗಿನ ಅಳತೆ ಕಾಪಾಡುವುದು ಚೌಕಟ್ಟಿನ ಕೆಲಸ. ಅದರ ನಿಂತ ಮರಗಳೂ ಅಡ್ಡ ಮರಗಳೂ ಎಳೆಯ ಉದ್ದಕ್ಕೆ ಕೊಯ್ದ ಕಿರಿದಾದ ಪಟ್ಟಿಗಳು, ಅವು ಬದಲಾಗುವುದು ಕಡಿಮೆ. ಒಂದರ ತುದಿಯಲ್ಲಿ ನಾಲಿಗೆ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಚೌಕ ಗುಣಿ ಮಾಡಿ ಕೂಡಿಸಿರುತ್ತಾರೆ. ನನಗೆ ಮರಗೆಲಸದಲ್ಲಿ ಎಲ್ಲಕ್ಕಿಂತ ಪ್ರೀತಿ ಈ ಬಾಗಿಲಿನ ಮೇಲೆ. ಇದರಲ್ಲಿ ಬಡಗಿ ನೀರನ್ನು ತಡೆಯಲು ಹೋಗಿಲ್ಲ, ಅದು ಓಡಾಡಲು ಜಾಗ ಬಿಟ್ಟುಕೊಟ್ಟಿದ್ದಾನೆ.

ಅಂದ ಹಾಗೆ, ಮಳೆಗಾಲದಲ್ಲಿ ಬಾಗಿಲು ಕಚ್ಚಿತೆಂದು ತಕ್ಷಣ ಅಂಚನ್ನು ಹೆರೆಸಬಾರದು. ಆಗ ಹೆರೆದರೆ ಏಪ್ರಿಲ್‌ನಲ್ಲಿ ಸಂದಿನಿಂದ ಇರುವೆಯ ಸಾಲೇ ಒಳಗೆ ಬರುತ್ತದೆ. ಅಂಚಿಗೆ ಮೇಣದಬತ್ತಿ ಉಜ್ಜಿ ಮಳೆಗಾಲ ಕಳೆಯುವುದು, ಆಮೇಲೂ ತೊಂದರೆ ಇದ್ದರೆ ಆಚಾರ್ರನ್ನು ಕರೆಯುವುದು ಒಳ್ಳೆಯದು.

ಪ್ಲೈವುಡ್ ಇದೇ ಕಷ್ಟಕ್ಕೆ ಇನ್ನೊಂದು ದಾರಿ ಹಿಡಿದಿದೆ. ತೆಳುವಾಗಿ ಸುಲಿದ ಮರದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸುತ್ತಾರೆ. ಒಂದು ಹಾಳೆಯ ಎಳೆ ಉದ್ದಕ್ಕಿದ್ದರೆ ಮುಂದಿನದ್ದು ಅಡ್ಡಕ್ಕೆ. ಒಂದು ಅಗಲಕ್ಕೆ ಉಬ್ಬಲು ಹೊರಟರೆ ಪಕ್ಕದ ಹಾಳೆ ತನ್ನ ಉದ್ದದ ಬಲದಿಂದ ಅದನ್ನು ಹಿಡಿದಿಡುತ್ತದೆ. ಹಾಳೆಗಳ ಸಂಖ್ಯೆ ಸಾಮಾನ್ಯವಾಗಿ 3, 5, 7 ಹೀಗೆ ಬೆಸ ಇರುವುದೇಕೆ ಗೊತ್ತೆ? ನಡುವಿನ ಹಾಳೆಯ ಎರಡೂ ಕಡೆ ಎಳೆತ ಸಮವಾಗಿರಲಿ, ಪ್ಲೈ ಸೊಟ್ಟಗಾಗದಿರಲಿ ಎಂದು. ಮುರಿದ ಪ್ಲೈವುಡ್ ಚೂರಿನ ಅಂಚು ಸಿಕ್ಕರೆ ಎಣಿಸಿ ನೋಡಿ.

ಈಗ ಹಲಗೆ ಆರಿಸುವುದಕ್ಕೆ ಬರೋಣ. ಕಡಿದ ದಿಮ್ಮಿಯ ತುದಿಯನ್ನು ನೋಡಿದರೆ ನಡುವೆ ಗಾಢಬಣ್ಣದ ಭಾಗ, ಸುತ್ತ ಬಿಳಚು ಭಾಗ ಕಾಣುತ್ತದೆ. ಬಿಳಿಯ ಭಾಗ ಮರ ಬದುಕಿದ್ದಾಗ ನೀರು ಏರಿಸುತ್ತಿದ್ದ ಭಾಗ, ಅದರಲ್ಲಿ ಪಿಷ್ಟವೂ ಕೂಡಿಟ್ಟಿರುತ್ತದೆ. ನಡುವಿನದ್ದು ಚೇಗು. ಅಲ್ಲಿನ ಜೀವಕೋಶಗಳು ಮರ ನಿಂತಿರುವಾಗಲೇ ಸತ್ತಿರುತ್ತವೆ. ಸಾಯುವ ಮೊದಲು ಅವು ತಮ್ಮೊಳಗೆ ಎಣ್ಣೆ, ಬಣ್ಣ, ಹುಳಕ್ಕೆ ಸೇರದ ರಾಸಾಯನಿಕಗಳನ್ನು ತುಂಬಿಟ್ಟು ಹೋಗುತ್ತವೆ. ತೇಗದ ಹಲಗೆಯನ್ನು ಹೆರೆದಾಗ ಕೈಗೆ ಜಿಡ್ಡು ತಾಕುವುದು, ಗೆದ್ದಲು ಅದರ ಚೇಗಿನ ತಂಟೆಗೆ ಬಾರದಿರುವುದು ಇದರಿಂದಲೇ. ಅದೇ ತೇಗದ ಹೊರಗಿನ ಬಿಳಿ ಭಾಗವನ್ನು ಹುಳ ಬಿಡುವುದಿಲ್ಲ. ಕುಟ್ಟೆಹುಳು ಕೊರೆದ ಸಣ್ಣ ತೂತುಗಳಿಂದ ಹಿಟ್ಟು ಉದುರುವುದನ್ನು ನೋಡಿದ್ದೀರಲ್ಲ, ಅವಕ್ಕೆ ಬೇಕಾದದ್ದು ಆ ಪಿಷ್ಟ. ಬಿದಿರನ್ನು ಕಡಿದು ಹರಿಯುವ ನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಡುವ ಪದ್ಧತಿ ಹಿಂದಿನಿಂದ ಬಂದದ್ದು. ಪಿಷ್ಟವೂ ಸಕ್ಕರೆಯೂ ನೀರಿಗೆ ಬಿಟ್ಟುಕೊಂಡು ಹೋದರೆ ಹುಳಕ್ಕೆ ಊಟವಿಲ್ಲ.

ಕೊಯ್ದ ಹಲಗೆಗಳನ್ನು ಒಣಗಿಸುವುದೂ ಒಂದು ವಿದ್ಯೆ. ಬಿಸಿಲಿಗೆ ಎಸೆದರೆ ಮೇಲ್ಮೈ ಬೇಗ ಒಣಗಿ ಕುಗ್ಗಲು ನೋಡುತ್ತದೆ, ಒಳಗಿನ ಮರ ಇನ್ನೂ ಹಸಿಯಾಗಿದ್ದು ಕುಗ್ಗಲು ಬಿಡುವುದಿಲ್ಲ, ಈ ಜಗ್ಗಾಟದಲ್ಲಿ ಹಲಗೆ ಬಿರಿಯುತ್ತದೆ. ಅದಕ್ಕೇ ನೆರಳಿನಲ್ಲಿ ಒಂದರ ಮೇಲೊಂದು ಪೇರಿಸಿ, ನಡುನಡುವೆ ರೀಪಿನ ತುಂಡುಗಳನ್ನು ಇಟ್ಟು, ಗಾಳಿ ಆಡುವಂತೆ ತಿಂಗಳುಗಟ್ಟಲೆ ಬಿಡುತ್ತಾರೆ. ಕೊಳವೆಗಳ ಬಾಯಿ ಇರುವುದು ಹಲಗೆಯ ಎರಡು ತುದಿಗಳಲ್ಲಿ. ಅಲ್ಲಿಂದ ನೀರು ಎಲ್ಲಕ್ಕಿಂತ ವೇಗವಾಗಿ ಹೊರಡುತ್ತದೆ, ಸೀಳು ಮೊದಲು ಕಾಣುವುದೂ ಅಲ್ಲೇ. ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ದಪ್ಪನಾಗಿ ಬಳಿದರೆ ಹಲಗೆ ಉಳಿಯುತ್ತದೆ. ಹಲಗೆಯ ತುದಿಯಲ್ಲಿ ವರ್ಷದ ಬಳೆಗಳು ಕಮಾನಿನಂತೆ ಬಾಗಿದ್ದರೆ ನೆನಪಿಡಿ: ಒಣಗುವಾಗ ಆ ಕಮಾನು ನೆಟ್ಟಗಾಗುವ ಕಡೆಗೆ ಹಲಗೆ ಬಾಗುತ್ತದೆ. ಅದು ಮುಂದೆ ಯಾವ ಕಡೆ ಸೊಟ್ಟಗಾದೀತು ಎಂದು ಇವತ್ತೇ ಹೇಳಬಹುದು.

ಅದು ಯಾವ ಮರ ಎಂಬುದನ್ನೂ ಹಲಗೆಯ ತುದಿಯೇ ಹೇಳುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಪುಸ್ತಕ ಭಂಡಾರದಲ್ಲಿ ಪುಸ್ತಕ ಇದ್ದಂತೆ ಅಲ್ಲಿ ಹೆಸರು ಬರೆದ ಮರದ ತುಂಡುಗಳ ಸಂಗ್ರಹವಿದೆ. ಹಲಗೆಯ ತುದಿಯನ್ನು ಹರಿತವಾದ ಅಲಗಿನಿಂದ ನುಣ್ಣಗೆ ಕತ್ತರಿಸಿ, ಮಸೂರದಲ್ಲಿ ಕೊಳವೆಗಳ ಬಾಯಿ ಎಷ್ಟು ದೊಡ್ಡವು, ಹೇಗೆ ಚೆದುರಿವೆ ಎಂದು ನೋಡಿ ಅದು ಯಾವ ಮರ ಎಂದು ಗುರುತಿಸುತ್ತಾರೆ. ಬೀಟೆ, ಹೊನ್ನೆ, ಮತ್ತಿ, ಹಲಸು, ಒಂದೊಂದರ ಚಿತ್ತಾರವೂ ಬೇರೆ.

ಇನ್ನು ಮೊಳೆ. ಮರಕ್ಕೆ ಹೊಡೆದ ಮೊಳೆಯನ್ನು ಹಿಡಿದಿಟ್ಟಿರುವುದು ಯಾವುದು? ಮೊಳೆ ನುಗ್ಗುವಾಗ ಪಕ್ಕಕ್ಕೆ ಸರಿದು ಬಾಗಿದ ಎಳೆಗಳು ಮತ್ತೆ ನೆಟ್ಟಗಾಗಲು ಒದ್ದಾಡುತ್ತಾ ಮೊಳೆಯ ಮೈಯನ್ನು ಎರಡೂ ಕಡೆಯಿಂದ ಒತ್ತುತ್ತವೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಮೊಳೆಯ ಹಿಡಿತ. ಹಲಗೆಯ ತುದಿಯಲ್ಲಿ, ಎಳೆಗಳ ಉದ್ದಕ್ಕೇ ಹೊಡೆದ ಮೊಳೆ ಸುಲಭವಾಗಿ ಕಿತ್ತು ಬರುತ್ತದೆ, ಏಕೆಂದರೆ ಅಲ್ಲಿ ಅದು ಎಳೆಗಳನ್ನು ಅಡ್ಡ ದಾಟದೆ ಅವುಗಳ ನಡುವೆ ಜಾರಿ ಕೂತಿರುತ್ತದೆ. ಹಸಿಮರಕ್ಕೆ ಹೊಡೆದ ಮೊಳೆ ಮರ ಒಣಗಿದಂತೆ ಸಡಿಲಾಗುತ್ತದೆ. ಮಳೆ ಬಿಸಿಲಿಗೆ ಸಿಕ್ಕ ಬೇಲಿಯಲ್ಲಿ ಮೊಳೆಗಳು ವರ್ಷ ವರ್ಷ ತಲೆ ಎತ್ತುವುದೂ ಮರದ ಉಬ್ಬು ತಗ್ಗಿನ ಕೆಲಸವೇ.

ಕೆಲವು ಬಡಗಿಗಳು ಹಲಗೆಯ ಅಂಚಿನ ಹತ್ತಿರ ಮೊಳೆ ಹೊಡೆಯುವ ಮೊದಲು ಅದನ್ನು ತಲೆಕೆಳಗಾಗಿ ಹಿಡಿದು ಮೊನೆಗೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಡುತ್ತಾರೆ. ಚೂಪು ಮೊನೆಯನ್ನು ಬೇಕೆಂದೇ ಮೊಂಡು ಮಾಡುತ್ತಾರೆ! ಚೂಪು ಮೊನೆ ಎಳೆಗಳ ನಡುವೆ ಬೆಣೆಯಾಗಿ ನುಗ್ಗಿ ಹಲಗೆಯನ್ನು ಸೀಳುತ್ತದೆ. ಮೊಂಡು ಮೊನೆ ಎದುರಿಗೆ ಸಿಕ್ಕ ಎಳೆಗಳನ್ನು ಜಜ್ಜಿ ತುಂಡರಿಸಿ ದಾರಿ ಮಾಡಿಕೊಳ್ಳುತ್ತದೆ, ಸೀಳು ಬರುವುದು ಕಡಿಮೆ.

ತಿರುಪುಮೊಳೆಯ ಹಿಡಿತ ಬೇರೆ ಬಗೆಯದು. ಅದರ ಮೈಗೆ ಸುತ್ತಿಕೊಂಡ ಇಳಿಜಾರು ಎಳೆಗಳನ್ನು ಕೊರೆದು ಅವುಗಳ ನಡುವೆ ಕೂರುತ್ತದೆ. ಅದನ್ನು ನೇರವಾಗಿ ಕೀಳಬೇಕಾದರೆ ಆ ಎಳೆಗಳನ್ನೆಲ್ಲ ಹರಿಯಬೇಕು. ತಿರುಪು ಹಾಕುವ ಮೊದಲು ಬೈರಿಗೆಯಿಂದ ಅದರ ನಡುಗಾಂಡಕ್ಕಿಂತ ತುಸು ಸಣ್ಣ ತೂತು ಕೊರೆದುಕೊಂಡರೆ ಮರ ಸೀಳುವುದಿಲ್ಲ, ಕೈಯೂ ನೋಯುವುದಿಲ್ಲ. ಸುತ್ತುಗಳಿಗೆ ಸೋಪು ಸವರುವವರಿದ್ದಾರೆ. ಸೋಪು ತೇವವನ್ನು ಎಳೆದು ಕಬ್ಬಿಣಕ್ಕೆ ತುಕ್ಕು ತರಬಹುದು, ಮೇಣದಬತ್ತಿಯೇ ಮೇಲು.

ಕಬ್ಬಿಣಕ್ಕೂ ಕೆಲವು ಮರಗಳಿಗೂ ಆಗಿಬರುವುದಿಲ್ಲ. ಜಾಲಿಯಂಥ ಮರಗಳಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಇರುತ್ತದೆ. ತೇವ ತಾಗಿದಾಗ ಅದು ಕಬ್ಬಿಣದ ಜೊತೆ ಸೇರಿ ಮೊಳೆಯ ಸುತ್ತ ನೀಲಿಗಪ್ಪು ಕಲೆ ಮಾಡುತ್ತದೆ. ಈ ಕಲೆಯನ್ನು ಅಡುಗೆಮನೆಯಲ್ಲೇ ಮಾಡಬಹುದು. ಒಂದು ಲೋಟದಲ್ಲಿ ವಿನೆಗರ್ ಹಾಕಿ ತುಕ್ಕು ಹಿಡಿದ ಮೊಳೆಯನ್ನು ಎರಡು ದಿನ ನೆನೆಯಿಡಿ. ಇನ್ನೊಂದರಲ್ಲಿ ಹಾಲು ಸಕ್ಕರೆ ಇಲ್ಲದ ಗಟ್ಟಿ ಚಹಾ ಡಿಕಾಕ್ಷನ್ ತಣ್ಣಗಾಗಲಿ. ಚಹಾದಲ್ಲೂ ಟ್ಯಾನಿನ್ ಇದೆ. ಮೊಳೆಯ ನೀರನ್ನು ಚಮಚದಿಂದ ಅದಕ್ಕೆ ಹಾಕಿದರೆ ಕೆಂಪು ಚಹಾ ಶಾಯಿಯಂತೆ ಕಪ್ಪಗಾಗುತ್ತದೆ. ಕುಡಿಯಬೇಡಿ, ಕಡ್ಡಿ ಅದ್ದಿ ಹೆಸರು ಬರೆಯಿರಿ. ಹಿಂದಿನವರು ಅಳಲೆಕಾಯಿಯ ಒಗರನ್ನೂ ಅನ್ನಭೇದಿ ಎಂಬ ಕಬ್ಬಿಣದ ಉಪ್ಪನ್ನೂ ಸೇರಿಸಿ ಶಾಯಿ ಮಾಡುತ್ತಿದ್ದದ್ದು ಇದೇ ರಸಾಯನದಿಂದ. ಹಿತ್ತಾಳೆಯಲ್ಲಿ ಕಬ್ಬಿಣ ಇಲ್ಲ, ಆದ್ದರಿಂದ ಒಳ್ಳೆಯ ಮರಕ್ಕೆ ಹಿತ್ತಾಳೆಯ ತಿರುಪು ಹಾಕಿದರೆ ಈ ಕಲೆ ಬರುವುದಿಲ್ಲ.

ಮರ ಮತ್ತು ಕಬ್ಬಿಣ ಜೊತೆಯಾಗಿ ದುಡಿದ ಅತಿ ಚೆಂದದ ಜಾಗ ಎತ್ತಿನಗಾಡಿಯ ಚಕ್ರ. ನಡುವಿನ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಹೊರಗಿನ ಮರದ ಸುತ್ತು, ಇಷ್ಟನ್ನೂ ಬಿಗಿದು ಹಿಡಿಯುವುದು ಮೇಲಿನ ಕಬ್ಬಿಣದ ಪಟ್ಟೆ. ಪಟ್ಟೆಯನ್ನು ಚಕ್ರಕ್ಕಿಂತ ತುಸು ಸಣ್ಣದಾಗಿಯೇ ಮಾಡುತ್ತಾರೆ. ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ. ಒಂದೂವರೆ ಮೀಟರ್ ಎತ್ತರದ ಚಕ್ರದ ಸುತ್ತಳತೆ ಸುಮಾರು 4.7 ಮೀಟರ್. ಅಷ್ಟುದ್ದದ ಪಟ್ಟೆಯ ಬಿಸಿ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅದು ಸುಮಾರು 28 ಮಿಲಿಮೀಟರ್ ಉದ್ದವಾಗುತ್ತದೆ. ಆ ಕ್ಷಣದಲ್ಲಿ ಇಕ್ಕುಳದಿಂದ ಹಿಡಿದು ಚಕ್ರದ ಮೇಲೆ ಕೂರಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯುತ್ತಾರೆ. ಹಬೆ ಏಳುತ್ತದೆ, ಪಟ್ಟೆ ಕುಗ್ಗಿ ಪ್ರತಿಯೊಂದು ಕೀಲನ್ನೂ ಒಳಕ್ಕೆ ಅಮುಕುತ್ತದೆ. ಒಂದು ಮೊಳೆಯೂ ಇಲ್ಲದೆ ಚಕ್ರ ಕಲ್ಲಿನಂತಾಯಿತು. ಬೇಸಿಗೆ ಬಂದಾಗ ಮರ ಒಣಗಿ ಕುಗ್ಗುತ್ತದೆ, ಪಟ್ಟೆ ಮಾತ್ರ ಇದ್ದಷ್ಟೇ ಇರುತ್ತದೆ, ಚಕ್ರ ಲಟಲಟ ಎನ್ನುತ್ತದೆ. ಆಗ ರೈತರು ಚಕ್ರವನ್ನು ಕೆರೆಯ ನೀರಿನಲ್ಲಿ ನಿಲ್ಲಿಸುತ್ತಾರೆ. ಮರ ನೀರು ಕುಡಿದು ಮತ್ತೆ ಬಿಗಿಯಾಗುತ್ತದೆ. ಕಬ್ಬಿಣವನ್ನು ಬೆಂಕಿ ಹಿಗ್ಗಿಸಿತು, ಮರವನ್ನು ನೀರು ಹಿಗ್ಗಿಸಿತು. ಈ ಎರಡನ್ನೂ ಒಂದೇ ಚಕ್ರದಲ್ಲಿ ಕೂಡಿಸಿದವರನ್ನು ನಾನು ದೊಡ್ಡ ವಿಜ್ಞಾನಿಗಳೆಂದೇ ಎಣಿಸುತ್ತೇನೆ.

ಕೊನೆಗೆ ಮರದ ಮೇಲೆ ಏನು ಬಳಿಯಬೇಕು ಎಂಬ ಪ್ರಶ್ನೆ. ಬಣ್ಣವಾಗಲಿ ವಾರ್ನಿಶ್ ಆಗಲಿ ಎಣ್ಣೆಯಾಗಲಿ ನೀರಿನ ಹಬೆಯನ್ನು ಪೂರ್ತಿ ತಡೆಯಲಾರವು, ಅದರ ಓಟವನ್ನು ನಿಧಾನ ಮಾಡುತ್ತವೆ. ಅಷ್ಟು ಮಾಡಿದರೂ ಮರಕ್ಕೆ ದೊಡ್ಡ ಉಪಕಾರ, ಒಂದೇ ದಿನದಲ್ಲಿ ಉಬ್ಬುವ ಬದಲು ವಾರಗಟ್ಟಲೆ ಮೆಲ್ಲಗೆ ಉಬ್ಬುತ್ತದೆ. ಕಾಣುವ ಮುಖಕ್ಕೆ ಮಾತ್ರ ಬಳಿದು ಹಿಂಬದಿಯನ್ನು ಹಾಗೇ ಬಿಡುವುದು ಬಹಳ ಕಡೆ ನಡೆಯುವ ತಪ್ಪು. ಬಳಿಯದ ಕಡೆ ಬೇಗ ನೀರು ಕುಡಿದು ಉಬ್ಬುತ್ತದೆ, ಬಳಿದ ಕಡೆ ಹಿಂದುಳಿಯುತ್ತದೆ, ಹಲಗೆ ಬಿಲ್ಲಾಗುತ್ತದೆ. ಎರಡೂ ಮುಖ, ನಾಲ್ಕೂ ಅಂಚು, ಮುಖ್ಯವಾಗಿ ಕೊಳವೆಗಳ ಬಾಯಿ ತೆರೆದಿರುವ ತುದಿಗಳು, ಎಲ್ಲಕ್ಕೂ ಬಳಿಯಬೇಕು. ಬಳಿಯುವ ಮೊದಲು ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರ್, ಎಳೆಯ ಉದ್ದಕ್ಕೇ ಉಜ್ಜಬೇಕು. ಅಡ್ಡಕ್ಕೆ ಉಜ್ಜಿದರೆ ಎಳೆಗಳು ಹರಿದು ಗೀರು ಬೀಳುತ್ತವೆ, ಪಾಲಿಶ್ ಆದ ಮೇಲೆ ಅವು ಎದ್ದು ಕಾಣುತ್ತವೆ.

ಮರಕ್ಕೆ ಯಾವ ಎಣ್ಣೆ ಸರಿ? ಎರಡು ಗಾಜಿನ ಚೂರಿಗೆ, ಅಥವಾ ಹಳೆಯ ಬಾಟಲಿಯ ಮೈಗೆ, ಒಂದು ಕಡೆ ಕೊಬ್ಬರಿ ಎಣ್ಣೆಯನ್ನೂ ಇನ್ನೊಂದು ಕಡೆ ಅಗಸೆ ಎಣ್ಣೆಯನ್ನೂ ತೆಳುವಾಗಿ ಸವರಿ ಗಾಳಿ ಬೆಳಕು ಇರುವಲ್ಲಿ ಇಡಿ. ಕೆಲವು ದಿನ ಕಳೆದ ಮೇಲೆ ಮುಟ್ಟಿ ನೋಡುತ್ತಾ ಹೋಗಿ. ಕೊಬ್ಬರಿ ಎಣ್ಣೆ ಎಣ್ಣೆಯಾಗಿಯೇ ಇರುತ್ತದೆ. ಅಗಸೆ ಎಣ್ಣೆ ಮೊದಲು ಅಂಟಂಟಾಗಿ ಆಮೇಲೆ ಸಿಪ್ಪೆಯಂತೆ ಗಟ್ಟಿಯಾಗುತ್ತದೆ. ಅದು ಒಣಗಿತು ಎನ್ನುತ್ತೇವೆ, ಆದರೆ ಅದರಿಂದ ನೀರೇನೂ ಆರಿಹೋಗಿಲ್ಲ. ಅಗಸೆ ಎಣ್ಣೆಯ ಅಣುಗಳು ಗಾಳಿಯ ಆಮ್ಲಜನಕವನ್ನು ಹಿಡಿದು ಒಂದಕ್ಕೊಂದು ಕೈಜೋಡಿಸಿ ದೊಡ್ಡ ಬಲೆಯಾಗುತ್ತವೆ. ಕೊಬ್ಬರಿ ಎಣ್ಣೆಯ ಅಣುಗಳಲ್ಲಿ ಹಾಗೆ ಚಾಚಲು ಖಾಲಿ ಕೈಗಳು ತೀರ ಕಡಿಮೆ. ಈ ಕೈಜೋಡಣೆಯಲ್ಲಿ ಬಿಸಿ ಹುಟ್ಟುತ್ತದೆ. ಹಲಗೆಯ ಮೇಲೆ ಅದು ಗಾಳಿಗೆ ಹರಡಿ ಹೋಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಒಳಗೇ ಕೂಡಿಕೊಂಡು, ಯಾರೂ ಕಡ್ಡಿ ಗೀರದಿದ್ದರೂ ಬಟ್ಟೆ ಹೊತ್ತಿಕೊಳ್ಳಬಹುದು. ಆದ್ದರಿಂದ ಆ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಅಂಗಳದಲ್ಲಿ ಬಿಡಿಸಿ ಹರವಿಯೇ ಒಣಗಿಸಬೇಕು. ಈ ಒಂದು ಮಾತನ್ನು ಮನೆಯ ದೊಡ್ಡವರಿಗೂ ಹೇಳಿ.

ಎಣ್ಣೆಗಿಂತ ಬಣ್ಣಬಣ್ಣದ ಹೊದಿಕೆ ಬೇಕಾದರೆ ಅರಗು ಇದೆ. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಕತೆ ನಿಮಗೆ ಗೊತ್ತಲ್ಲ, ಅದೇ ಅರಗು. ಅದನ್ನು ಮಾಡುವುದು ಮುತ್ತುಗ, ಬೋರೆಯಂಥ ಮರಗಳ ಎಳೆಯ ಕೊಂಬೆಗಳಿಗೆ ಅಂಟಿಕೊಂಡು ರಸ ಹೀರುವ ಒಂದು ಪುಟಾಣಿ ಕೀಟ. ತನ್ನ ಮೈಯನ್ನು ಕಾಪಾಡಿಕೊಳ್ಳಲು ಅದು ಸುರಿಸುವ ರಾಳ ಕೊಂಬೆಯ ಮೇಲೆ ಹೊರಪದರವಾಗಿ ಗಟ್ಟಿಯಾಗುತ್ತದೆ. ಅದನ್ನು ಕೆರೆದು ಕರಗಿಸಿ ಶೋಧಿಸಿದರೆ ಅರಗು. ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದರೆ ಪೀಠೋಪಕರಣಗಳಿಗೆ ಹೊಳಪು. ಮಾತ್ರೆಗಳಿಗೆ, ಮಿಠಾಯಿಗಳಿಗೆ ಹೊದಿಸುವಷ್ಟು ಅದು ನಿರುಪದ್ರವಿ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ಸಾಗಿದರೆ ಸಿಗುವ ಚನ್ನಪಟ್ಟಣದಲ್ಲಿ ಸ್ಪಿರಿಟ್ ಇಲ್ಲದೆಯೇ ಅರಗನ್ನು ಮರಕ್ಕೆ ಹತ್ತಿಸುತ್ತಾರೆ. ಅಲ್ಲಿನ ಆಟಿಕೆಗಳಿಗೆ ಹೆಚ್ಚಾಗಿ ಬಳಸುವುದು ಆಲೆ ಮರ. ಗಾಯ ಮಾಡಿದರೆ ಬಿಳಿಯ ಹಾಲು ಸುರಿಸುವ ಈ ಮರದ ಒಳಮೈ ದಂತದಂತೆ ಬಿಳುಪು, ಕೊಳವೆಗಳು ತೀರ ಸಣ್ಣ, ಎಳೆ ಒಂದೇ ಸಮ. ತಿರುಗಣಿಯಲ್ಲಿ ಉಳಿ ಇಟ್ಟಾಗ ಎಲ್ಲಿಯೂ ಚಕ್ಕೆ ಏಳದೆ ನುಣ್ಣಗೆ ಸುಲಿಯುತ್ತದೆ, ಯಾವ ಬಣ್ಣ ಕೊಟ್ಟರೂ ಚೊಕ್ಕವಾಗಿ ಕಾಣುತ್ತದೆ. ಮೊದಲು ಅದನ್ನು ಒಣಗಿಸಿ ಹದ ಮಾಡುತ್ತಾರೆ. ಹಸಿಯಾಗಿರುವಾಗ ಗುಂಡಗೆ ಕಡೆದರೆ ಒಣಗಿದ ಮೇಲೆ ಅದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಏಕೆ ಎಂದು ಈಗ ನೀವೇ ಹೇಳಬಲ್ಲಿರಿ: ಬಳೆಯ ಜಾಡಿನಲ್ಲಿ ಒಂದಳತೆ, ತೊಗಟೆಯ ಕಡೆಗೆ ಇನ್ನೊಂದಳತೆ.

ಕಡೆದ ಆಟಿಕೆ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಬೆಂಕಿ ಬೇಡ, ಒಲೆ ಬೇಡ. ಉಜ್ಜಾಟದ ಬಿಸಿಗೇ ಅರಗು ಮೆತ್ತಗಾಗಿ ಮರದ ಮೈಗೆ ಹರಡುತ್ತದೆ. ಚಳಿಗೆ ಅಂಗೈ ಉಜ್ಜಿದಾಗ ಬೆಚ್ಚಗಾಗುವುದೂ ಇದೇ ಘರ್ಷಣೆ. ಆಮೇಲೆ ಕೇದಗೆಯ ಒಣ ಎಲೆಯನ್ನು ಒತ್ತಿ ಹಿಡಿದರೆ, ಅಲ್ಲಿನವರು ಅದನ್ನು ತಾಳೆಗರಿ ಎನ್ನುತ್ತಾರೆ, ಅರಗು ಎಲ್ಲೆಡೆ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡದ ಬಣ್ಣ, ಹೀಗೆ ಗಿಡಮೂಲದ ಬಣ್ಣಗಳನ್ನೂ ಅರಗಿಗೆ ಬೆರೆಸುತ್ತಾರೆ.

ಅರಗು ಬಿಸಿಗೆ ಕರಗಿ ಮರವನ್ನು ಅಪ್ಪಿಕೊಂಡಿತಲ್ಲ, ಬಿಸಿ ತಾಗಿದರೆ ಮತ್ತೆ ಮೆತ್ತಗಾಗುತ್ತದೆ. 75-80 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಅದು ಕರಗತೊಡಗುತ್ತದೆ, ಕುದಿನೀರಿನ ಬಿಸಿ 100 ಡಿಗ್ರಿ. ಹಾಗಾಗಿ ನಿಮ್ಮ ತಂಗಿಯದೋ ತಮ್ಮನದೋ ಚನ್ನಪಟ್ಟಣದ ಗಿಲಕಿ ಕೊಳೆಯಾದರೆ ಬಿಸಿನೀರಿಗೆ ಹಾಕಬೇಡಿ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಲು ಬಿಡಿ.